ಮೇಲುಕೋಟೆ ಕಾಡಿಗೆ ಹೋಗಬಹುದಾ, ಇಲ್ವಾ? ಯಾರಾದರೂ ಸರಿಯಾಗಿ ಹೇಳಲಿ

ಸಂಪಾದಕರಿಗೆ ನಮಸ್ಕಾರ.

ಮೇಲುಕೋಟೆ ಸುತ್ತಿನ ಅಭಯಾರಣ್ಯದಲ್ಲಿ ಚಾರಣ ಮಾಡಬಹುದಾ, ಮಾಡಬಾರದಾ? ಈ ಪ್ರಶ್ನೆಗೆ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಯಾರೂ ಸರಿಯಾದ ಉತ್ತರ ಕೊಡುತ್ತಿಲ್ಲ. ಒಂದು ಕಚೇರಿಯಲ್ಲಿ ಕೇಳಿದಾಗ ‘ಆಗಲ್ಲ’ ಎಂದು ಮಾತು ಮುಗಿಸಿದರು. ಇನ್ನೊಂದು ಕಡೆ ‘ಅರ್ಜಿ ಕೊಟ್ಟು ಹೋಗಿ, ನೋಡೋಣ’ ಎಂದರು, ಆಮೇಲೆ ಸುದ್ದಿಯೇ ಇಲ್ಲ. ಅತ್ತ ಮೊಬೈಲ್ ತೆರೆದರೆ ನಮ್ಮ ಕಡೆಯ ಬೆಟ್ಟಗಳಿಗೆ ಶನಿವಾರ ರಾತ್ರಿ ಚಾರಣ, ಬಂಡೆ ಮೇಲೆ ಸೂರ್ಯೋದಯ, ತಿಂಡಿ ಸೇರಿ ಇಷ್ಟು ರೂಪಾಯಿ ಎಂದು ಜಾಹೀರಾತು ಬರುತ್ತದೆ. ನಿಯಮ ಕೇಳಿಕೊಂಡು ಹೋಗುವವರಿಗೆ ಮಾತ್ರ ಅಡ್ಡಿ ಎನ್ನುವಂತಾಗಿದೆ.

ಈ ಕಾಡನ್ನು ಅಭಯಾರಣ್ಯ ಎಂದು ಘೋಷಿಸಿದ್ದು 1974ರಲ್ಲಿ, ಮುಖ್ಯವಾಗಿ ತೋಳಗಳಿಗಾಗಿ. ಇರುವುದು ಸುಮಾರು 50 ಚದರ ಕಿಲೋಮೀಟರ್ ಅಷ್ಟೆ. ನಾಗರಹೊಳೆ, ಬಂಡೀಪುರದ ಹಾಗೆ ದಟ್ಟ ಕಾಡಲ್ಲ. ಕುರುಚಲು ಗಿಡ, ಬಂಡೆ, ಹುಲ್ಲು, ಸುತ್ತ ಊರು ಮತ್ತು ಹೊಲ, ಜೊತೆಗೆ ವೈರಮುಡಿ ಉತ್ಸವಕ್ಕೆ ಲಕ್ಷಾಂತರ ಜನ ಸೇರುವ ಪಟ್ಟಣ. ಈ ಬೋಳು ಗುಡ್ಡದಲ್ಲಿ ಕಾಪಾಡೋಕೆ ಏನಿದೆ ಎಂದು ಕೇಳುವವರಿದ್ದಾರೆ. ಆದರೆ ತೋಳಕ್ಕೆ ಬೇಕಾಗಿರುವುದೇ ಇಂಥ ಜಾಗ. ಮಳೆಗಾಲ ಮುಗಿದ ಮೇಲೆ ಜೋಡಿಯಾಗಿ, ಚಳಿಗಾಲದಲ್ಲಿ ಬಂಡೆ ಸಂದಿಯಲ್ಲೋ ಪೊದೆ ಕೆಳಗಿನ ಬಿಲದಲ್ಲೋ ಮರಿ ಹಾಕುತ್ತದೆ. ಹತ್ತಿರ ಜನರ ಓಡಾಟ ಜಾಸ್ತಿಯಾದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಇಷ್ಟು ಸಣ್ಣ ಕಾಡಿನಲ್ಲಿ ಎಲ್ಲಿಗೆ ಅಂತ ಹೋಗಬೇಕು? ಹೊಲದ ಕಡೆ ಬಂದರೆ ನಾಯಿಗಳ ಕಾಟ, ಜನರ ಭಯ. ಚಾರಣದವರಿಗೂ ತಂಪು ಅಂತ ಡಿಸೆಂಬರ್, ಜನವರಿಯೇ ಇಷ್ಟ. ತೊಂದರೆ ಆಗುತ್ತಿರುವುದು ಇಲ್ಲೇ.

ಹಾಗಂತ ಪೂರ್ತಿ ಬೀಗ ಹಾಕಿ ಎಂದು ನಾನು ಹೇಳುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಹಾಗೆ ಹೇಳುವುದಿಲ್ಲ. ಅನುಮತಿ ಇಲ್ಲದೆ ಅಭಯಾರಣ್ಯದ ಒಳಗೆ ಹೋಗಬಾರದು, ಕಸ ಹಾಕಬಾರದು, ಪ್ರಾಣಿಗಳನ್ನು ಕೆಣಕಬಾರದು ಎಂದು 27ನೇ ಸೆಕ್ಷನ್‌ನಲ್ಲಿದೆ. ಅದರ ಮುಂದಿನ 28ನೇ ಸೆಕ್ಷನ್‌ನಲ್ಲಿ ಅಧ್ಯಯನ, ಫೋಟೊ, ಪ್ರವಾಸದಂಥ ಕಾರಣಗಳಿಗೆ ಪರವಾನಗಿ ಕೊಡಬಹುದು ಎಂದೂ ಇದೆ. ಕಾನೂನೇ ದಾರಿ ಬಿಟ್ಟಿರುವಾಗ ಅದನ್ನು ಜನರಿಗೆ ಹೇಳಬೇಕಲ್ವಾ?

2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಬಂತು, ಒಂದು ಚಾರಣದ ಹಾದಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿದರು. ಒಳ್ಳೆಯ ಕೆಲಸವೇ. ಆದರೆ ಅದೇ ಲೆಕ್ಕ ಇಲ್ಲಿಗೆ ತರಬೇಡಿ. ಮರೆಯೇ ಇಲ್ಲದ ಈ ಗುಡ್ಡಗಳಿಗೆ 300 ಜನ ತುಂಬಾ ಜಾಸ್ತಿ. ಹತ್ತು ಹನ್ನೆರಡು ಜನರ ಒಂದೆರಡು ಗುಂಪು, ಬೆಳಕಿರುವಾಗ ಮಾತ್ರ, ಗೊತ್ತು ಮಾಡಿದ ಒಂದೇ ಹಾದಿಯಲ್ಲಿ ಹೋಗಿ ಬರಲಿ. ಮರಿ ಹಾಕುವ ತಿಂಗಳುಗಳಲ್ಲಿ ಯಾರಿಗೂ ಬೇಡ, ಎಷ್ಟೇ ದೊಡ್ಡವರ ಶಿಫಾರಸು ತಂದರೂ ಬೇಡ. ಬೇಸಿಗೆಯಲ್ಲೂ ಬೇಡ, ಒಣ ಹುಲ್ಲಿಗೆ ಒಂದು ಬೀಡಿ ತುಂಡು ಬಿದ್ದರೂ ಸಾಕು, ಇಡೀ ಗುಡ್ಡ ಹೊತ್ತಿ ಉರಿಯುತ್ತದೆ.

ಜೊತೆಗೆ ಬರುವ ಗೈಡ್ ಸುತ್ತಲಿನ ಹಳ್ಳಿಯವರೇ ಆಗಿರಲಿ. ಕುರಿ ಕಾಯುವವರಿಗೆ ತೋಳ ಯಾವ ಕಡೆ ಓಡಾಡುತ್ತದೆ, ಎಲ್ಲಿ ನೀರು ಕುಡಿಯುತ್ತದೆ ಎನ್ನುವುದೆಲ್ಲಾ ಗೊತ್ತು. ಅದೇ ತೋಳ ಕುರಿ ಹಿಡಿದಾಗ ನಷ್ಟ ಆಗುವುದೂ ಅವರಿಗೇ. ಚಾರಣದ ದುಡ್ಡಿನಲ್ಲಿ ಒಂದು ಪಾಲು ಅವರ ಕೈಗೆ ಹೋದರೆ ತೋಳದ ಮೇಲಿನ ಸಿಟ್ಟು ಸ್ವಲ್ಪವಾದರೂ ಕಡಿಮೆಯಾಗಬಹುದು. ಈಗ ಆ ದುಡ್ಡೆಲ್ಲ ರಾತ್ರಿ ಟೆಂಪೊದಲ್ಲಿ ಜನರನ್ನು ತಂದಿಳಿಸುವವರ ಜೇಬಿಗೆ ಹೋಗುತ್ತಿದೆ.

ದೇವಸ್ಥಾನಕ್ಕೆ ಮೆಟ್ಟಿಲು ಹತ್ತಿ ಹೋಗುವ ಭಕ್ತರ ವಿಷಯ ಬೇರೆ, ಅವರನ್ನು ಇದರಲ್ಲಿ ಎಳೆಯುವುದು ಬೇಡ.

ಅಭಯಾರಣ್ಯದ ಗಡಿ ಎಲ್ಲಿ ಶುರುವಾಗುತ್ತದೆ, ಯಾವ ತಿಂಗಳು ಬಂದ್, ಅನುಮತಿ ಯಾರ ಹತ್ತಿರ ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು ಮೇಲುಕೋಟೆ ಬಸ್ ನಿಲ್ದಾಣದಲ್ಲೂ ಕಾಡಿನ ಹಾದಿ ಶುರುವಾಗುವಲ್ಲೂ ಬೋರ್ಡ್ ಹಾಕಲಿ. ಚಳಿಗಾಲ ಬರುವ ಮೊದಲೇ ಈ ಕೆಲಸ ಆಗಬೇಕು.

— ಒಬ್ಬ ಓದುಗ, ಪಾಂಡವಪುರ