ಮಗಳಿಗೊಂದು ಪತ್ರ: ನಿನ್ನ ಭೂಗೋಳದ ನೋಟ್‌ಬುಕ್ ನನ್ನ ಹತ್ತಿರ ಇದೆ

ತೀರ್ಥಹಳ್ಳಿ,
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು. "ಸಂಬಳ ಇಲ್ಲ, ಸಾರಿಗೆ ಇಲ್ಲ, ಈ ವಯಸ್ಸಲ್ಲಿ ಬೆಂಕಿ ಆರಿಸೋಕೆ ಹೋಗ್ತೀಯಲ್ಲಮ್ಮ" ಅಂದೆ ನೀನು. ನಿಜ ಹೇಳಲಾ? ಇಷ್ಟು ದಿನದಲ್ಲಿ ನಾನು ಒಂದೇ ಒಂದು ಬೆಂಕಿಯನ್ನೂ ಆರಿಸಿಲ್ಲ.

ಆಪದ ಮಿತ್ರ, ಅಂದರೆ ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರ ತರಬೇತಿಗೆ ಹೆಸರು ಕೊಟ್ಟಾಗ ನನಗೆ 39. ನಲವತ್ತು ದಾಟಿದ್ದರೆ ಸೇರಿಸಿಕೊಳ್ಳುತ್ತಿರಲಿಲ್ಲ. 12 ದಿನದ ತರಬೇತಿ. ಹಗ್ಗಕ್ಕೆ ಗಂಟು ಹಾಕುವುದು, ಉರಿಯೋ ಸಿಲಿಂಡರ್ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು, ಉಸಿರು ನಿಂತವರ ಎದೆ ಒತ್ತುವುದು. ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಒತ್ತಬೇಕು. ರೊಟ್ಟಿ ತಟ್ಟಿ ಪಳಗಿದ ಕೈ ಅಂತ ನನಗೆ ಜಂಬ ಇತ್ತು. ಗೊಂಬೆ ಮೇಲೆ ಎರಡು ನಿಮಿಷ ಒತ್ತುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು.

ಈಗ ಅಗ್ನಿಶಾಮಕ ಠಾಣೆಗೆ ಹೋದರೆ ಮಾಡುವ ಕೆಲಸ ಏನು ಗೊತ್ತಾ? ಜಾಸ್ತಿ ಹೊತ್ತು ಹೋಸ್ ಪೈಪ್ ಒಣಗಿಸಿ ಸುತ್ತಿಡುವುದು. ಒಂದೊಂದು 15 ಮೀಟರ್ ಉದ್ದ, ಒದ್ದೆಯಾದರೆ ಹೆಣಭಾರ. ಕಾಲ್ ಬಂದ ಕಡೆ ಹೋದರೆ, ಮೊಬೈಲ್ ಹಿಡಿದು ಮುಂದೆ ಮುಂದೆ ಬರುವವರನ್ನು ಹಿಂದೆ ಕಳಿಸುವುದು. ಮನೆಯ ಹೆಂಗಸರನ್ನು ಕೂರಿಸಿ, ಒಳಗೆ ಯಾರಾದರೂ ಇದ್ದಾರಾ, ಸಿಲಿಂಡರ್ ಎಲ್ಲಿದೆ ಅಂತ ಕೇಳುವುದು. ಅಳುತ್ತಾ ಇದ್ದರೂ ನನ್ನ ಹತ್ತಿರ ಹೇಳುತ್ತಾರೆ. ಯೂನಿಫಾರ್ಮ್ ಕಂಡರೆ ಬಾಯಿ ಕಟ್ಟಿಹೋಗುತ್ತೆ ಕೆಲವರಿಗೆ.

ನಾನು ಉಪಯೋಗಕ್ಕೆ ಬರುವುದು ಇನ್ನೊಂದಕ್ಕೆ. ಠಾಣೆಯಲ್ಲಿ ಉತ್ತರ ಕರ್ನಾಟಕದ ಹುಡುಗರಿದ್ದಾರೆ. ಮೊದಲ ಸಲ ಒಬ್ಬ ನನ್ನನ್ನು ಕೇಳಿದ, "ಅಕ್ಕಾರ, ಮನಿ ಎಲ್ಲೈತ್ರಿ? ಬರೇ ಗಿಡಾನ ಕಾಣಾಕತ್ತಾವಲ್ರಿ." ಅವರಿಗೆ ಮರಕ್ಕೂ ಗಿಡವೇ! ಪಾಪ, ಅವರ ಕಡೆ ಊರು ಅಂದರೆ ಮನೆಗೆ ಮನೆ ಅಂಟಿಕೊಂಡಿರುತ್ತೆ. ಇಲ್ಲಿ ಗುಡ್ಡಕ್ಕೊಂದು ಮನೆ. "ಇಲ್ಲೇ ಪಕ್ಕದಲ್ಲಿ" ಅಂದರೆ ಎರಡು ಏರು ಹತ್ತಿ ಒಂದು ಹಳ್ಳ ದಾಟಬೇಕು.

ಬೆಂಕಿಗೆ ನೀರು ಹಾಕಿದರಾಯಿತು ಅಂದುಕೊಂಡಿದ್ದೆ ನಾನೂ. ದೊಡ್ಡ ಗಾಡಿಯಲ್ಲಿ 4500 ಲೀಟರ್ ಹಿಡಿಯುತ್ತೆ. ಪೂರ್ತಿ ಬಿಟ್ಟರೆ ಹತ್ತು ನಿಮಿಷಕ್ಕೆಲ್ಲ ಖಾಲಿ. ಆಮೇಲೆ ಕೆರೆಯೋ ಹೊಂಡವೋ ಹುಡುಕಬೇಕು. ಬಾವಿ ಇದೆಯಲ್ಲ ಅಂತ ಎಲ್ಲರೂ ಕೈ ತೋರಿಸುತ್ತಾರೆ. ಮೇಲೆ ನಿಂತ ಪಂಪು ನೀರನ್ನು ಎಳೆಯುವುದು ಹೆಚ್ಚೆಂದರೆ ಏಳು ಮೀಟರಿನಿಂದ. ನಿಜವಾಗಿ ಅದು ಎಳೆಯುವುದೇ ಇಲ್ಲವಂತೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತಂತೆ. ನೀನು ಸೈನ್ಸ್ ಓದಿದವಳು, ನಿನಗೆ ಗೊತ್ತಿರಬೇಕು. ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ನಲವತ್ತು ಅಡಿ ಕೆಳಗೆ. ಕಣ್ಣಿಗೆ ಕಾಣುತ್ತೆ, ಕೈಗೆ ಸಿಗಲ್ಲ.

ಹೋದ ಮಾರ್ಚ್‌ನಲ್ಲಿ ಒಂದು ತೋಟದ ಮನೆಯ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ದಾರಿ ತೋರಿಸಲು ನಾನೇ ಮುಂದೆ ಕೂತಿದ್ದೆ. ಹಳ್ಳ ದಾಟುವ ಸಣ್ಣ ಸೇತುವೆ, ಸಂಕ ಬಂತು. "ಅಡಿಕೆ ತುಂಬಿದ ಪಿಕಪ್ ಓಡಾಡುತ್ತೆ, ಹೋಗಿ" ಅಂದೆ. ಡ್ರೈವರ್ ಹೋಗಲಿಲ್ಲ. ಇಳಿದು, ಹಳ್ಳಕ್ಕಿಳಿದು ಕೆಳಗಿನಿಂದ ನೋಡಿದ. ಒಂದು ಕಡೆ ಕಲ್ಲು ಕಳಚಿತ್ತು. ನೀರೇ ನಾಲ್ಕೂವರೆ ಟನ್, ಗಾಡಿ ತೂಕ ಬೇರೆ. ಆ ಕಿರಿದಾದ ದಾರಿಯಲ್ಲಿ ಅರ್ಧ ಕಿಲೋಮೀಟರ್ ರಿವರ್ಸ್ ತೆಗೆದು, ಶಾಲೆ ಹಿಂದಿನಿಂದ ಸುತ್ತಿ ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ದನಗಳನ್ನು ಅವರೇ ಬಿಚ್ಚಿ ಓಡಿಸಿದ್ದರು. ಕೊಟ್ಟಿಗೆ ಉಳಿಯಿತು. ಬಣವೆ ಉಳಿಯಲಿಲ್ಲ. ಮೇಲೆ ಎಷ್ಟು ನೀರು ಹೊಡೆದರೂ ಹುಲ್ಲು ಒಳಗೊಳಗೇ ಉರಿಯುತ್ತಿರುತ್ತೆ, ಎಳೆದು ಎಳೆದು ಹರಡಿ ಆರಿಸಬೇಕು. ರಾತ್ರಿವರೆಗೂ ಅದೇ ಕೆಲಸ. ವರ್ಷದ ಮೇವು. ಆ ಮನೆಯಾಕೆ, ತಲೆಯೆಲ್ಲ ಬೂದಿ, ನನ್ನ ಹತ್ತಿರ ಬಂದು "ಕಾಫಿ ಕುಡಿದೇ ಹೋಗಿ" ಅಂದರು. ಬೈದಿದ್ದರೆ ವಾಸಿಯಿತ್ತು.

ಮರುದಿನ ಅಟ್ಟದ ಮೇಲೆ ನಿನ್ನ ಪುಸ್ತಕದ ಗಂಟು ಬಿಚ್ಚಿದೆ. ಒಂಬತ್ತನೇ ಕ್ಲಾಸಿನ ಭೂಗೋಳದ ನೋಟ್‌ಬುಕ್ಕಿನಲ್ಲಿ ಹನ್ನೊಂದೇ ಪುಟ ಬರೆದು ಬಿಟ್ಟಿದ್ದೀಯ. (ನಿಮ್ಮ ಮೇಷ್ಟ್ರು ಹೇಗೆ ಬಿಟ್ಟರೋ!) ನದಿಗಳ ನಕ್ಷೆ ಮುಗಿದ ಕಡೆಯಿಂದ ನಾನು ಶುರು ಮಾಡಿದ್ದೇನೆ. ಮನೆ, ದಾರಿ, ಸಂಕ, ನೀರು ಅಂತ ನಾಲ್ಕು ಗೆರೆ ಎಳೆದಿದ್ದೇನೆ. "ಗೇಟಿನ ಕಮಾನು ತಗ್ಗು, ದೊಡ್ಡ ಗಾಡಿ ಹಿಡಿಸಲ್ಲ." "ಕೆರೆ ಇದೆ, ಫೆಬ್ರವರಿವರೆಗೆ ಮಾತ್ರ." "ಅಜ್ಜ ಒಬ್ಬರೇ, ಕಿವಿ ಕೇಳಲ್ಲ, ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ." ಸಂಕ ಸಿಕ್ಕಲ್ಲೆಲ್ಲ ಸೀರೆ ಎತ್ತಿ ಕಟ್ಟಿ ಕೆಳಗಿಳಿದು ನೋಡುತ್ತೇನೆ. ನಿಮ್ಮಪ್ಪ ಬೈಕ್ ನಿಲ್ಲಿಸಿ, ಯಾರಾದರೂ ನೋಡುತ್ತಾರೇನೋ ಅಂತ ಆ ಕಡೆ ಮುಖ ಮಾಡಿ ನಿಂತಿರುತ್ತಾರೆ. ಡ್ರೈವರ್ ಈಗ ಕಾಲ್ ಬಂದರೆ "ಅಕ್ಕಾರ ಬುಕ್ ತಗೀರಿ" ಅಂತ ಮೊದಲು ಕೇಳುತ್ತಾನೆ. ಅರವತ್ತಮೂರು ಮನೆ ಆಗಿದೆ.

ಮಳೆಗಾಲದ ಕತೆ ಬೇರೆ. ಇಲ್ಲಿ ತುಂಗಾ ಹೊಳೆಯ ರಾಮಮಂಟಪ ಮುಳುಗಿತು ಅಂದರೆ ಬ್ಯಾಗ್ ರೆಡಿ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗೋವರೆಗೂ ನಿನ್ನ ಚಿಕ್ಕಮ್ಮ ನಂಬಲ್ಲ. ನನ್ನನ್ನು ನೀರಿಗೆ ಇಳಿಸಲ್ಲ, ಹೆದರಬೇಡ. ದಡದಲ್ಲಿ ಹಗ್ಗ ಹಿಡಿಯುವವಳು ನಾನು.

ಈ ಕೆಲಸಕ್ಕೆ ಬಿದ್ದ ಮೇಲೆ ಕಣ್ಣು ಸುಮ್ನೆ ಇರಲ್ಲ. ಹೋದ ಸಲ ನಿನ್ನ ಪಿಜಿಗೆ ಬಂದಾಗ ನೋಡಿದೆ. ನಾಲ್ಕನೇ ಮಹಡಿ, ಒಂದೇ ಮೆಟ್ಟಿಲು, ಮೆಟ್ಟಿಲ ಕೆಳಗೆ ಹಳೇ ಹಾಸಿಗೆಗಳ ರಾಶಿ. ರಾತ್ರಿ ಹತ್ತಕ್ಕೆ ಕೆಳಗಿನ ಗ್ರಿಲ್‌ಗೆ ಬೀಗ ಹಾಕಿದರು. ಆಗ ಏನೂ ಅನ್ನಲಿಲ್ಲ, ನಿನ್ನ ಗೆಳತಿಯರ ಎದುರು ನಿನಗೆ ಮುಜುಗರ ಅಂತ. ಆ ಬೀಗದ ಕೀ ರಾತ್ರಿ ಯಾರ ಹತ್ತಿರ ಇರುತ್ತೆ, ಅವರು ಎಲ್ಲಿ ಮಲಗುತ್ತಾರೆ, ಕೇಳಿ ನಾಳೆಯೇ ಫೋನ್ ಮಾಡು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಿನಗೂ ಒಂದು ಗೆರೆ ಬಿಟ್ಟಿದ್ದೇನೆ.

ಇಂತಿ,
ಅಮ್ಮ