ಕಡವಿನ ಬೋಟಿಗೆ ಎರಡನೇ ಬ್ಯಾಟರಿ ಯಾವಾಗ?

ಗೆ,
ಕಾರ್ಯದರ್ಶಿಯವರು,
ಗ್ರಾಮ ಪಂಚಾಯತ್ ಕಚೇರಿ,
ಕಾಸರಗೋಡು ಜಿಲ್ಲೆ

ವಿಷಯ: ಕಡವಿನ ಬೋಟಿನ ಬ್ಯಾಟರಿ ನಡು ಹೊಳೆಯಲ್ಲಿ ಕೈಕೊಟ್ಟರೆ ಬೇಕಾಗುವ ಸಾಮಾನು ಒದಗಿಸುವ ಬಗ್ಗೆ (ಐದನೇ ಮನವಿ)

ಮಾನ್ಯರೇ,

ನಮಸ್ಕಾರ. ನಾವು ಹೊಳೆಯಾಚೆಯವರು, ಈಚೆಗೆ ಬರುವುದು ಕಡವಿನ, ಅಂದರೆ ಹೊಳೆ ದಾಟಿಸುವ, ಬೋಟಿನಲ್ಲಿ. ನಮ್ಮ ಕಷ್ಟವನ್ನು ಮೊದಲಿಂದ ಹೇಳುವುದಿಲ್ಲ, ಹಿಂದಿನ ನಾಲ್ಕು ಪತ್ರಗಳು ತಮ್ಮ ಕಪಾಟಿನಲ್ಲೇ ಇವೆ. ಈ ಸಲ ಏನಾಯಿತು ಅಂತ ಮಾತ್ರ ಕೇಳಿ.

ಕಳೆದ ತಿಂಗಳು ಬೆಳಿಗ್ಗೆ ಎಂಟೂವರೆಯ ಟ್ರಿಪ್ಪು. ಬೋಟಿನಲ್ಲಿ 14 ಜನ, ಅದರಲ್ಲಿ ಆರು ಶಾಲೆ ಮಕ್ಕಳು. ನಡು ಹೊಳೆಯಲ್ಲಿ ಬೋಟನ್ನು ಮುಂದೆ ತಳ್ಳುವ ಫ್ಯಾನಿಗೆ ಹರಿದ ಬಲೆಯ ತುಂಡು ಸುತ್ತಿಕೊಂಡಿತು. ಬೋಟಿನವರು ಇಂಜಿನ್ ನಿಲ್ಲಿಸಿ, ಬಗ್ಗಿ, ಕತ್ತಿಯಲ್ಲಿ ಅದನ್ನು ಕೊಯ್ದು ತೆಗೆದರು. ಆಮೇಲೆ ಕೀ ತಿರುಗಿಸಿದರೆ ಬರೀ 'ಟಕ್' ಅಂತ ಶಬ್ದ. ಸೆಲ್ಫ್ ಎತ್ತಲಿಲ್ಲ. ಸ್ಪ್ಯಾನರ್ ಇಟ್ಟು ನೇರ ಕರೆಂಟು ಕೊಟ್ಟು ನೋಡಿದರು. ಕಿಡಿ ಹಾರಿತು. ಪಕ್ಕದಲ್ಲೇ ಡೀಸೆಲ್ ಕ್ಯಾನು, ಅದಕ್ಕೆ ಒರಗಿ ಕೂತಿದ್ದ ಎರಡನೇ ಕ್ಲಾಸಿನ ಹುಡುಗಿ.

ಆಗ ಇಳಿತದ ಹೊತ್ತು. ಬೋಟು ಮೆಲ್ಲಗೆ ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಜಾರುತ್ತಿತ್ತು. ಲಂಗರು ಇಲ್ಲ. ಇದ್ದ ಒಂದೇ ಬಿದಿರ ಗಳ ತಳಕ್ಕೆ ಎಟುಕಲಿಲ್ಲ. ಹುಟ್ಟು ಇಲ್ಲ. ಲೈಫ್ ಜಾಕೆಟ್ ನಾಲ್ಕಿದ್ದವು, ಎರಡರ ಲಾಡಿ ಹರಿದಿತ್ತು. ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದ ಒಬ್ಬರು ತಮ್ಮ ಸಣ್ಣ ದೋಣಿ ತಂದು, ಹಗ್ಗ ಕಟ್ಟಿ, ಮುಕ್ಕಾಲು ಗಂಟೆ ಒಬ್ಬರೇ ಹುಟ್ಟು ಹಾಕಿ ನಮ್ಮನ್ನು ದಡ ಸೇರಿಸಿದರು. ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವರು ಅಲ್ಲಿ ಇಲ್ಲದೇ ಇದ್ದಿದ್ದರೆ ಈ ಪತ್ರದ ಒಕ್ಕಣೆಯೇ ಬೇರೆ ಇರುತ್ತಿತ್ತು.

ಬ್ಯಾಟರಿ ಯಾಕೆ ಸತ್ತಿತು ಅಂತ ತಮ್ಮ ಕಡೆಯಿಂದ ಯಾರೂ ಕೇಳಲಿಲ್ಲ. ನಾವೇ ಕೈಯಿಂದ ಹಣ ಹಾಕಿ ಕುಂಬಳೆಯಿಂದ ಮೆಕ್ಯಾನಿಕ್ ಕರೆಸಿದೆವು. ಪೂರ್ತಿ ಚಾರ್ಜ್ ಇರುವ 12 ವೋಲ್ಟಿನ ಬ್ಯಾಟರಿ ಸುಮ್ಮನಿರುವಾಗ 12.6ರ ಆಸುಪಾಸು ತೋರಿಸಬೇಕು. ನಮ್ಮದು 11.8 ತೋರಿಸಿತು. ಅಂದರೆ ಖಾಲಿ ಅಂತಲೇ ಲೆಕ್ಕ. ಟರ್ಮಿನಲ್ ಮೇಲೆ ಬೆರಳ ದಪ್ಪ ಹಸಿರು-ಬಿಳಿ ಹುಡಿ ಕೂತಿತ್ತು. ಬೋಟಿನ ತಳ ಸೋರುತ್ತದೆ. ನೀರೆತ್ತುವ ಪಂಪು ರಾತ್ರಿಯಿಡೀ ಅದೇ ಬ್ಯಾಟರಿಯಲ್ಲಿ ಓಡುತ್ತದೆ. ಬೆಳಿಗ್ಗೆ ಪ್ರತಿ ದಡದಲ್ಲೂ ಇಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಬೇಕು. ಏಳು ನಿಮಿಷದ ಓಟದಲ್ಲಿ ಹೋದ ಚಾರ್ಜ್ ತುಂಬುವುದಿಲ್ಲ. ಇದು ಆಕಸ್ಮಿಕ ಅಲ್ಲ. ತಳದ ಸೋರಿಕೆ ಮುಚ್ಚದೆ ಬಿಟ್ಟದ್ದರ ಫಲ.

ಆ ಸೋರಿಕೆಯ ಬಗ್ಗೆ ಮೊದಲು ಹೇಳಿದ್ದು ಹೋದ ವರ್ಷದ ಗ್ರಾಮಸಭೆಯಲ್ಲಿ. 'ಬರೆದು ಕೊಡಿ' ಅಂದಿರಿ. ಬರೆದು ಕೊಟ್ಟೆವು. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಬಂದು ಕೇಳಿದಾಗ ಇಂಜಿನಿಯರ್ ರಜೆಯಲ್ಲಿದ್ದರು. ಮರುತಿಂಗಳು ಸೋಣದಲ್ಲಿ ಬಂದಾಗ ಪತ್ರವೇ ಸಿಗಲಿಲ್ಲ, ಮತ್ತೆ ಬರೆದೆವು. ಮೂರನೆಯದಕ್ಕೆ 'ಟೆಂಡರ್ ಆಗಬೇಕು' ಅಂದರು. ಒಂದು ಬ್ಯಾಟರಿ, ಒಂದು ಹಗ್ಗಕ್ಕೂ ಟೆಂಡರಾ? ನಾಲ್ಕನೆಯದನ್ನು ವಾರ್ಡ್ ಮೆಂಬರ ಎದುರಲ್ಲೇ ಕೊಟ್ಟೆವು. ಉತ್ತರ ಬಂತು, ಪೂರ್ತಿ ಮಲಯಾಳದಲ್ಲಿ. ಓದಿಸಿಕೊಳ್ಳಲು ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಬೇಕಾಯಿತು. 'ಪರಿಶೀಲನೆಯಲ್ಲಿದೆ' ಅಂತ ಎರಡು ಸಾಲು. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ 1969ರ ಕೇರಳದ ಭಾಷಾ ಕಾಯ್ದೆಯಲ್ಲೇ ಇದೆ. ಅದನ್ನು ನಾವು ತಮಗೆ ನೆನಪಿಸಬೇಕೇ?

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಬೋಟು ಮಗುಚಿ 22 ಜನ ತೀರಿಕೊಂಡರು. ಅಲ್ಲಿ ಜಾಸ್ತಿ ಜನ ಹತ್ತಿಸಿದ್ದು ಕಾರಣ, ನಮ್ಮದು ಬೇರೆ ಸಂಗತಿ. ಆದರೆ ಸತ್ತ ಮೇಲೆ ಓಡಿ ಬರುವ ಅಧಿಕಾರಿಗಳು ಮೊದಲೇ ಬರಬಹುದಲ್ವಾ? ನಮ್ಮ ಮಕ್ಕಳ ಹೆಸರಿನಲ್ಲಿ ಪರಿಹಾರದ ಚೆಕ್ ನಮಗೆ ಬೇಡ.

ನಾವು ಕೇಳುವುದು ಇಷ್ಟು. ಸ್ಟಾರ್ಟ್ ಮಾಡಲಿಕ್ಕೆ ಅಂತಲೇ ಎರಡನೇ ಬ್ಯಾಟರಿ ಕೊಡಿ, ನಡುವೆ ಸ್ವಿಚ್ ಹಾಕಿಸಿ. ಪಂಪು, ಲೈಟು ಅದನ್ನು ಮುಟ್ಟಬಾರದು. ಮೀನಿಗೆ ಹೋಗುವ ಬೋಟಿನವರನ್ನು ಕೇಳಿ ನೋಡಿ, ಹೇಳುತ್ತಾರೆ. ತಳದ ಸೋರಿಕೆ ಸರಿಪಡಿಸಿ. ತಿಂಗಳಿಗೊಮ್ಮೆ ಟರ್ಮಿನಲ್ ಬಿಸಿನೀರು, ಸೋಡಾ ಪುಡಿಯಲ್ಲಿ ತೊಳೆದು, ಒರೆಸಿ, ಗ್ರೀಸ್ ಹಚ್ಚಲಿ. ವೋಲ್ಟ್ ನೋಡುವ ಮೀಟರ್ ಬೋಟಿನಲ್ಲೇ ಇರಲಿ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ನೋಡಿ ಪುಸ್ತಕದಲ್ಲಿ ಬರೆಯಲಿ. ಬ್ಯಾಟರಿ ಸತ್ತರೂ ಬೋಟು ಜಾರದ ಹಾಗೆ ಲಂಗರು ಬೇಕು. ಹಗ್ಗ ಗಿಡ್ಡವಾದರೆ ಲಂಗರು ಕಿತ್ತು ಬರುತ್ತದೆ, ಆದ್ದರಿಂದ ಹೊಳೆಯ ಆಳದ ಐದು ಪಟ್ಟಾದರೂ ಉದ್ದ ಇರಲಿ. ಎರಡು ಹುಟ್ಟು, ಒಂದು ಟಾರ್ಚ್, ಒಂದು ಸೀಟಿ, ಕೂರುವ ಪ್ರತಿಯೊಬ್ಬರಿಗೂ ಜಾಕೆಟ್, ಮಕ್ಕಳಿಗೆ ಮಕ್ಕಳ ಅಳತೆಯದ್ದು. 112, ಕರಾವಳಿ ಪೊಲೀಸರ 1093, ಕೋಸ್ಟ್ ಗಾರ್ಡಿನ 1554, ಈ ಮೂರು ನಂಬರ್‌ಗಳನ್ನು ಬೋಟಿನ ಮೇಲೆ ಕನ್ನಡದಲ್ಲೂ ದೊಡ್ಡದಾಗಿ ಬರೆಸಿ.

ಬೋಟಿನವರ ಮೇಲೆ ತಪ್ಪು ಹೊರಿಸಬೇಡಿ. ಅವರಿಗೆ ಮೂರು ತಿಂಗಳ ಸಂಬಳ ಬಾಕಿ ಇದೆ ಅಂತ ಕೇಳಿದ್ದೇವೆ. ಸದ್ರಿ ಕಡವಿನ ಕೊನೆಯ ಎರಡು ಮೆಟ್ಟಿಲು ಮುರಿದು ಪಾಚಿ ಹಿಡಿದಿದೆ, ಹೋದ ವಾರ ನಮ್ಮ ಒಬ್ಬರು ಅಜ್ಜಿ ರೇಷನ್ ಅಕ್ಕಿ ಸಮೇತ ಜಾರಿ ಬಿದ್ದರು. ದಾರಿದೀಪ ಉರಿಯದೆ ವರ್ಷ ಆಯಿತು. ತೂಗುಸೇತುವೆಗೆ ಅಂತ ಹೂಳಿದ ಸರ್ವೆ ಕಲ್ಲಿಗೆ ಈಗ ದನ ಕಟ್ಟುತ್ತಿದ್ದೇವೆ. ಸೇತುವೆ ಬರುವ ತನಕ ಸುಮ್ನೆ ಕಾಯಿರಿ ಅಂತ ದಯವಿಟ್ಟು ಇನ್ನು ಹೇಳಬೇಡಿ.

ಪತ್ತನಾಜೆಯ (ಮೇ 24ರ ಸುಮಾರಿಗೆ ಬರುವ ತುಳುನಾಡಿನ ಆಚರಣೆಯ ದಿನ) ಒಳಗೆ ಬ್ಯಾಟರಿ ಮತ್ತು ಲಂಗರು ಬರಬೇಕು. ಅದು ಕಳೆದರೆ ಮಳೆ, ಮಳೆ ಬಂದರೆ ಹೊಳೆಯ ಸೆಳೆತ ಎಂಥದ್ದು ಅಂತ ತಮಗೂ ಗೊತ್ತು. ಬಾರದಿದ್ದರೆ ಮಕ್ಕಳನ್ನೂ ಕರೆದುಕೊಂಡು ಬಂದು ಕಚೇರಿಯ ಜಗಲಿಯಲ್ಲಿ ಕೂರುತ್ತೇವೆ. ಉತ್ತರವನ್ನು ಕನ್ನಡದಲ್ಲಿ ಬರೆದು, ಒಂದು ಪ್ರತಿಯನ್ನು ಕಡವಿನ ಚಾ ಅಂಗಡಿಯ ಗೋಡೆಗೂ ಅಂಟಿಸಬೇಕಾಗಿ ಕೋರಿಕೆ.

ಇಂತಿ,
ಹೊಳೆಯಾಚೆಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)