ಮಕ್ಕಳ ಪುಟದ ಹಕ್ಕಿಗಳು: ಇಷ್ಟು ತಿದ್ದಿಕೊಂಡರೆ ಒಳ್ಳೆಯದು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಮಕ್ಕಳ ಪುಟದಲ್ಲಿ ಬರುವ ‘ಜಗತ್ತಿನ ವಿಸ್ಮಯ ಹಕ್ಕಿಗಳು’ ಬಗೆಯ ಬರಹಗಳನ್ನು ಇಲ್ಲಿನ ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಪ್ರಬಂಧಕ್ಕೂ ಕ್ವಿಜ್ಜಿಗೂ ಅದೇ ಆಧಾರ. ಒಮ್ಮೆ ಅಂಟಿದ ತಪ್ಪು ಸುಲಭಕ್ಕೆ ಕಿತ್ತು ಬರುವುದಿಲ್ಲ.

ಉಷ್ಟ್ರಪಕ್ಷಿ ಹೆದರಿದರೆ ಮರಳಿನಲ್ಲಿ ತಲೆ ಹೂತುಕೊಳ್ಳುತ್ತದೆ ಎಂಬುದು ಇನ್ನೂ ಅಚ್ಚಾಗುತ್ತಿದೆ. ಅದು ನೆಲ ಕೆದರಿ ಮಾಡಿದ ಕುಳಿಯಲ್ಲಿ ಮೊಟ್ಟೆ ಇಡುತ್ತದೆ. ಆಗಾಗ ತಲೆ ಬಗ್ಗಿಸಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ. ಅಪಾಯ ಕಂಡರೆ ಓಡುತ್ತದೆ, ಇಲ್ಲವೇ ಕತ್ತು ಚಾಚಿ ನೆಲಕ್ಕೆ ಅಂಟಿ ಮಲಗುತ್ತದೆ. ದೂರದಿಂದ ನೋಡಿದವರಿಗೆ ತಲೆ ಕಾಣದು, ಅಷ್ಟೆ. ಹಗಲು ಕಾವಿಗೆ ಕೂರುವುದು ಮಣ್ಣಿನ ಬಣ್ಣದ ಹೆಣ್ಣು, ರಾತ್ರಿ ಕಪ್ಪು ಗಂಡು. ಇದು ಸುಳ್ಳಿಗಿಂತ ಸ್ವಾರಸ್ಯವಾಗಿಲ್ಲವೇ?

ಪಟ್ಟೆತಲೆ ಹೆಬ್ಬಾತು ಎವರೆಸ್ಟ್ ದಾಟಿ ಹಾರುತ್ತದೆ ಎಂಬುದೂ ಹಾಗೆಯೇ. ಉಪಕರಣ ಕಟ್ಟಿ ಬೆನ್ನುಹತ್ತಿದಾಗ ದಾಖಲಾದ ಅತಿ ಹೆಚ್ಚಿನ ಎತ್ತರ ಸುಮಾರು 7,290 ಮೀಟರ್, ಎವರೆಸ್ಟ್ 8,848. ಅವು ಬಹುಪಾಲು ಕಣಿವೆಗಳನ್ನೇ ಹಿಡಿದು, ಗುಡ್ಡದ ಏರಿಳಿತಕ್ಕೆ ತಕ್ಕಂತೆ ಏರಿ ಇಳಿದು ಸಾಗುತ್ತವೆ. ಗಾಳಿ ತಣ್ಣಗೆ ದಟ್ಟವಾಗಿರುವ ರಾತ್ರಿ ಮತ್ತು ನಸುಕಿನಲ್ಲಿ ಹಾರಿದರೆ ಶ್ರಮ ಕಡಿಮೆ. ಈ ಹಕ್ಕಿಯನ್ನು ನೋಡಲು ಹಿಮಾಲಯಕ್ಕೆ ಹೋಗಬೇಕಿಲ್ಲ, ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರಾಯಿತು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಗುರುತು ತಪ್ಪುವಂತಿಲ್ಲ.

ನಮ್ಮ ಕೋರಿಕೆ ಇಷ್ಟೇ: ಪರದೇಶದ ಹಕ್ಕಿಯ ಜೊತೆಗೆ ಊರ ಹಕ್ಕಿಯನ್ನೂ ಕೂರಿಸಿ. ಆಸ್ಟ್ರೇಲಿಯಾದ ಮ್ಯಾಲಿಫೌಲ್‌ನಲ್ಲಿ ಗಂಡು ಎಲೆಕಸ, ಮರಳು ಕೂಡಿಸಿ ಮೂರು ಮೀಟರಿಗೂ ಅಗಲದ ದಿಬ್ಬ ಮಾಡುತ್ತದೆ. ಹೆಣ್ಣು ಮೊಟ್ಟೆ ಇಡುವುದು ಅದರೊಳಗೆ. ಕಸ ಕೊಳೆತು ನಮ್ಮ ತಿಪ್ಪೆಯ ಹಾಗೆ ಒಳಗೊಳಗೇ ಬಿಸಿಯಾಗುತ್ತದೆ. ಗಂಡು ಕೊಕ್ಕು ತೂರಿಸಿ ಶಾಖ ನೋಡಿ, ಮರಳು ತೆಗೆದೂ ಹಾಕಿಯೂ 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಮರಿ ತಾನೇ ತೋಡಿಕೊಂಡು ಹೊರಬಂದು ಹೊರಟುಹೋಗುತ್ತದೆ. ಅಪ್ಪ-ಅಮ್ಮನ ಆರೈಕೆ ಅದಕ್ಕಿಲ್ಲ.

ಇದರ ಪಕ್ಕದಲ್ಲಿ ಗೀಜಗ ಇರಲಿ. ಮಳೆಗಾಲದಲ್ಲಿ ಭದ್ರಾ ನಾಲೆಯ ಆಸುಪಾಸಿನ ಜಾಲಿ, ಈಚಲು ಮರಗಳನ್ನು ಮಕ್ಕಳು ಗಮನಿಸಲಿ. ನೀರಿನ ಮೇಲೆ ಬಾಗಿದ ಕೊಂಬೆ ಅದಕ್ಕೆ ಇಷ್ಟ. ಹಳದಿ ನೆತ್ತಿಯ ಗಂಡು ಭತ್ತದ ಗರಿಯ ಅಂಚಿಗೆ ಕೊಕ್ಕಿನಿಂದ ಕಚ್ಚು ಹಾಕಿ, ಎಳೆಯ ತುದಿ ಹಿಡಿದು ಹಾರುತ್ತದೆ. ಹಾರಿದ ಹಾಗೆ ಎಳೆ ಉದ್ದಕ್ಕೆ ಸೀಳಿ ಬರುತ್ತದೆ. ಎಳೆ ಹಸಿಯಾಗಿಯೇ ಇರಬೇಕು, ಒಣಗಿದ್ದು ಬಾಗಿಸಿದರೆ ಮುರಿಯುತ್ತದೆ. ಮೊದಲು ಕೊಂಬೆಗೆ ಗಂಟು, ಆಮೇಲೆ ಬಳೆಯಂಥ ಸುತ್ತು, ಆಮೇಲೆ ಬೋರಲು ಟೋಪಿಯ ಆಕಾರ. ಅಲ್ಲಿಗೆ ಕೆಲಸ ನಿಲ್ಲುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆ, ಇಳಿಬಿದ್ದ ಕೊಳವೆ. ಒಪ್ಪದಿದ್ದರೆ ಗಂಡು ಅದನ್ನು ಹಾಗೇ ಬಿಟ್ಟು ಇನ್ನೊಂದು ಶುರುಮಾಡುತ್ತದೆ. ಮರದಲ್ಲಿ ಕಾಣುವ ಅರೆಬರೆ ಗೂಡುಗಳು ಬಹಳಷ್ಟು ಗಾಳಿಗೆ ಕಿತ್ತವಲ್ಲ, ಹೀಗೆ ಬೇಡವಾದವು. ಹೆಣ್ಣು ಹೆಣಿಗೆಯ ಅಂದಕ್ಕಿಂತ ಕಟ್ಟಿದ ಜಾಗವನ್ನೇ ಹೆಚ್ಚು ನೋಡುತ್ತದೆ. ಹೆಣ್ಣು ಕಾವಿಗೆ ಕೂತ ಮೇಲೆ ಗಂಡು ಮತ್ತೊಂದು ಗೂಡಿಗೆ ಕೈಹಾಕುತ್ತದೆ.

ದೀಪಕ್ಕಾಗಿ ಗೀಜಗ ಮಿಣುಕುಹುಳ ತಂದು ಅಂಟಿಸುತ್ತದೆ ಎಂಬ ಕಥೆಯನ್ನಂತೂ ದಯವಿಟ್ಟು ಕೈಬಿಡಿ. ಟೋಪಿಯ ಹಂತದಲ್ಲಿ ಒಳಗೋಡೆಗೆ ಮೆತ್ತುವುದು ಮಣ್ಣು, ಸಗಣಿಯ ಸಣ್ಣ ಉಂಡೆ. ಬಿದ್ದ ಗೂಡನ್ನು ಸೀಳಿ ನೋಡಿದರೆ ಗಟ್ಟಿಯಾದ ಆ ಮಣ್ಣು ಕೈಗೇ ಸಿಗುತ್ತದೆ, ಹುಳ ಸಿಗುವುದಿಲ್ಲ.

ಚಿತ್ರದುರ್ಗದವರಿಗೆ ಜೋಗಿಮಟ್ಟಿಯೇ ಇದೆ. ಅಲ್ಲಿನ ಬಂಡೆಗುಡ್ಡದ ಕುರುಚಲಿನಲ್ಲಿರುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ‘ಜಗತ್ತಿನ ಹಕ್ಕಿ’ಗಳ ಪಟ್ಟಿಯಲ್ಲಿ ಪೆಂಗ್ವಿನ್‌ಗೆ ಸಿಗುವ ಜಾಗ ಇದಕ್ಕೇಕೆ ಸಿಗಬಾರದೋ ನಮಗೆ ತಿಳಿಯದು.

ಇಂಥ ಬರಹದ ಕೊನೆಗೆ ನೋಡುವ ಕ್ರಮವನ್ನೂ ನಾಲ್ಕು ಸಾಲಲ್ಲಿ ಕೊಡಿ: ಬೆಳಗಿನ ಹೊತ್ತು, ಗೂಡಿನಿಂದ ಐವತ್ತು ಅಡಿ ದೂರ, ಮಂದ ಬಣ್ಣದ ಬಟ್ಟೆ. ಶಾಲೆಗಳಲ್ಲಿ ‘ಗೂಡು ತನ್ನಿ’ ಎಂದು ಹೇಳುವುದುಂಟು. ಮಕ್ಕಳು ಕೋಲು ಹಾಕಿ ಕೀಳುತ್ತಾರೆ, ಮೊಟ್ಟೆ ಒಡೆಯುತ್ತದೆ. ಗೀಜಗ ಬಿಟ್ಟುಹೋದ ಗೂಡಿಗೆ ರಾಟವಾಳದಂಥ ಪುಟ್ಟ ಹಕ್ಕಿಗಳು ಬಂದು ಸೇರುವುದರಿಂದ, ಮರದಲ್ಲಿ ತೂಗುತ್ತಿರುವುದು ಖಾಲಿ ಎಂದು ಕಂಡರೂ ಮುಟ್ಟಬಾರದು. ನೆಲಕ್ಕೆ ಬಿದ್ದದ್ದನ್ನಷ್ಟೇ ಆಯ್ದುಕೊಳ್ಳಲಿ.

– ಹಕ್ಕಿ ವೀಕ್ಷಕರು, ದಾವಣಗೆರೆ